ಅರವತ್ತನಾಲ್ಕರಲ್ಲಿ ಯಾವ ಹದಿನಾರು ಆಂಟೆನಾ? ಆರಿಸುವವರು ಯಾರು?

ಮೂರನೇ ಸರಳು:
ಕೊಡಗಿನ ನಾಪೋಕ್ಲಿನ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಎರಡೇ ಕಡೆ. ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ, ಇಲ್ಲವೇ ಅಡುಗೆಮನೆ ಕಿಟಕಿಯ ಮೂರನೆಯ ಸರಳಿನ ಬಳಿ. ಅಜ್ಜಿ ಆ ಸರಳಿಗೆ ಬಟ್ಟೆಯ ಚೀಲವೊಂದನ್ನು ಕಟ್ಟಿ, ಫೋನನ್ನು ಅದರೊಳಗೆ ಇಳಿಬಿಟ್ಟಿದ್ದಾರೆ. ಎರಡನೆಯ ಸರಳಿಗೆ ಕಟ್ಟಿದರೆ ಮೈಸೂರಿನಿಂದ ಚಿಕ್ಕಪ್ಪ ಮಾಡುವ ಕರೆ ಬರುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಒಂದು ಮಳೆಗಾಲವಿಡೀ ಚೀಲವನ್ನು ಅತ್ತಿತ್ತ ಬದಲಿಸಿ ಅಜ್ಜಿಯೇ ಕಂಡುಕೊಂಡದ್ದು.

ನನ್ನ ಎಂ.ಟೆಕ್ ಪ್ರಬಂಧದ ವಿಷಯವೂ ಹೆಚ್ಚುಕಡಿಮೆ ಅಜ್ಜಿಯ ಚೀಲವೇ. ಒಂದು ಬೇಸ್ ಸ್ಟೇಷನ್ನಿನಲ್ಲಿ, ಅಂದರೆ ಮೊಬೈಲ್ ಟವರಿನಲ್ಲಿ, 64 ಆಂಟೆನಾಗಳಿವೆ, ಆದರೆ ಅವುಗಳ ಹಿಂದೆ ಕೆಲಸ ಮಾಡುವ ಆರ್‌ಎಫ್ ಚೈನ್‌ಗಳು (ಆಂಟೆನಾದ ಸಿಗ್ನಲ್ಲನ್ನು ಕಳಿಸುವ, ಪಡೆಯುವ ರೇಡಿಯೊ ಸರ್ಕ್ಯೂಟುಗಳು) ಹದಿನಾರೇ ಎಂದುಕೊಳ್ಳಿ. ಯಾವ ಹದಿನಾರು ಆಂಟೆನಾಗಳನ್ನು ಜೋಡಿಸಬೇಕು? ಇದನ್ನು ನಡುವಿನ ಒಂದು ಕಂಪ್ಯೂಟರ್ ನಿರ್ಧರಿಸದೆ, ಆಂಟೆನಾಗಳೇ ಪರಸ್ಪರ ಮಾತಾಡಿಕೊಂಡು ನಿರ್ಧರಿಸಬಹುದೇ? ನನ್ನ ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಿ ಕಳಿಸಿದ್ದಾರೆ: "ನಡುವೆ ಕಂಪ್ಯೂಟರ್ ಇದ್ದೇ ಇರುವಾಗ ಈ ಪಂಚಾಯಿತಿ ಯಾಕೆ?" ರಜೆಗೆ ಊರಿಗೆ ಬಂದಿದ್ದೇನೆ. ಮಳೆ ಹಿಡಿದಿದೆ, ಉತ್ತರ ಹೊಳೆದಿಲ್ಲ. ನಮ್ಮ ಜಿಲ್ಲೆಯವರು ಇಲ್ಲಿ ಅನೇಕರಿದ್ದೀರಿ, ಟವರ್ ಕೆಲಸದವರೂ ಇದ್ದೀರಿ. ತಿಳಿದದ್ದನ್ನು ಹೇಳಿ.

ಟವರ್ ಹತ್ತುವವ:
ತಂಗಿ, ಮೊದಲು ಒಂದು ತಿದ್ದುಪಡಿ. 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ 5ಜಿ ಶುರುವಾದ ಮೇಲೆ ನಾವು ಮೇಲಕ್ಕೆ ಎಳೆದು ಕಟ್ಟುತ್ತಿರುವ 64ರ ಪೆಟ್ಟಿಗೆಗಳಲ್ಲಿ ಚೈನ್‌ಗಳೂ 64 ಇರುತ್ತವೆ. ಹದಿನಾರು ಚೈನ್‌ಗಳನ್ನು ಸ್ವಿಚ್ಚಿನಿಂದ ಹಂಚುವ ಪೆಟ್ಟಿಗೆಯನ್ನು ನಾನಂತೂ ಕೈಯಲ್ಲಿ ಹಿಡಿದಿಲ್ಲ.

ಹಾಗೆಂದು ನಿಮ್ಮ ಪ್ರಶ್ನೆ ಸುಳ್ಳಾಗುವುದಿಲ್ಲ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ. ಆಗ ಟವರ್ ಉಸಿರಾಡುವುದು ಬ್ಯಾಟರಿಯಲ್ಲಿ, ಆಮೇಲೆ ಡೀಸೆಲ್‌ನಲ್ಲಿ. ಆ ಡೀಸೆಲ್ ಕ್ಯಾನನ್ನು ಜೀಪಿನಲ್ಲಿ ಏರಿಸಿ, ಜೀಪು ನಿಂತ ಕಡೆಯಿಂದ ಹೆಗಲ ಮೇಲೆ ಹೊತ್ತು, ಜಿಗಣೆ ಕಿತ್ತುಕೊಳ್ಳುತ್ತಾ ಹೋಗುವವನು ನಾನು. ನಾನು ದುಡಿಯುತ್ತಿದ್ದ ಗುತ್ತಿಗೆ ಸಂಸ್ಥೆ ಒಮ್ಮೆ ಆ ಹೊರೆಯ ಕೂಲಿಯನ್ನೇ ಮೂರು ತಿಂಗಳು ಹಿಡಿದಿಟ್ಟಿತ್ತು, ಅದು ಬೇರೆ ಕಥೆ. ಹೇಳಹೊರಟದ್ದು ಇಷ್ಟು: ರಾತ್ರಿ ಎರಡು ಗಂಟೆಗೆ ಆ ಕಣಿವೆಯಲ್ಲಿ ಫೋನ್ ಹಿಡಿದು ಎಚ್ಚರವಿರುವವರು ನಾಲ್ಕು ಜನ. ಅವರಿಗಾಗಿ ಎಲ್ಲ ಆಂಪ್ಲಿಫೈಯರ್‌ಗಳೂ ಬಿಸಿಯಾಗಿರಬೇಕೇ? ಪೆಟ್ಟಿಗೆಗಳಲ್ಲಿ ಕೆಲವು ಚೈನ್‌ಗಳನ್ನು ಮಲಗಿಸುವ ವ್ಯವಸ್ಥೆ ಈಗಾಗಲೇ ಇದೆ. ಯಾವುದನ್ನು ಮಲಗಿಸಬೇಕು ಎಂಬುದೇ ನಿಮ್ಮ ಪ್ರಶ್ನೆ ಅಲ್ಲವೇ?

ಬೆಂಗಳೂರಿನಲ್ಲಿ ಸೋಮವಾರಪೇಟೆ:
ಹೌದು, ಅದೇ ಪ್ರಶ್ನೆ. 5ಜಿ ಮಾನದಂಡದಲ್ಲಿ, ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಒಕ್ಕೂಟದ 18ನೆಯ ಆವೃತ್ತಿಯಲ್ಲಿ, ವಿದ್ಯುತ್ ಉಳಿಸಲು ಆಂಟೆನಾಗಳ ಸಂಖ್ಯೆಯನ್ನು ಹೊತ್ತಿಗೆ ತಕ್ಕಂತೆ ಹೊಂದಿಸುವ ಅವಕಾಶ ಸೇರಿದೆ. ಆಂಟೆನಾ ಆಯ್ಕೆ ಹೊಸದೂ ಅಲ್ಲ. ಎಲ್‌ಟಿಇ (4ಜಿ) ಮೊದಲ ಆವೃತ್ತಿಯಲ್ಲೇ ಫೋನು ತನ್ನ ಎರಡು ಆಂಟೆನಾಗಳಲ್ಲಿ ಯಾವುದರಿಂದ ಕಳಿಸಬೇಕೆಂದು ಆರಿಸಬಹುದಿತ್ತು. ಆದರೆ ಎರಡರಲ್ಲಿ ಒಂದನ್ನು ಆರಿಸುವುದಕ್ಕೂ 64ರಲ್ಲಿ 16 ಆರಿಸುವುದಕ್ಕೂ ಅಜಗಜಾಂತರ. 2010ರಲ್ಲಿ ಬೆಲ್ ಲ್ಯಾಬ್ಸ್‌ನ ಥಾಮಸ್ ಮಾರ್ಜೆಟ್ಟಾ ಒಂದು ಬೇಸ್ ಸ್ಟೇಷನ್ನಿಗೆ ಆಂಟೆನಾಗಳನ್ನು ಲೆಕ್ಕವಿಲ್ಲದಷ್ಟು ಹೆಚ್ಚಿಸುತ್ತಾ ಹೋದರೆ ಏನಾಗುತ್ತದೆ ಎಂದು ಬರೆದರು. ಅಲ್ಲಿಂದ ಮ್ಯಾಸಿವ್ ಮೈಮೊ ಎಂಬ ಭರಾಟೆ, ಅದರ ಬೆನ್ನಿಗೇ ಈ ತಲೆನೋವು.

64ರಿಂದ 16 ಆರಿಸುವ ಬಗೆಗಳು ಎಷ್ಟು ಗೊತ್ತೇ? ಸುಮಾರು 488 ಲಕ್ಷ ಕೋಟಿ. ಸೆಕೆಂಡಿಗೆ ನೂರು ಕೋಟಿ ಗುಂಪುಗಳನ್ನು ತೂಗಿ ನೋಡಿದರೂ ಐದೂವರೆ ದಿನಕ್ಕಿಂತ ಹೆಚ್ಚು ಬೇಕು. ಅತ್ತ 3.5 ಗಿಗಾಹರ್ಟ್ಸ್‌ನಲ್ಲಿ, ಗಂಟೆಗೆ 40 ಕಿಲೋಮೀಟರ್ ವೇಗದ ಬಸ್ಸಿನಲ್ಲಿ ಕುಳಿತವನ ಚಾನೆಲ್, ಅಂದರೆ ಫೋನಿಗೂ ಆಂಟೆನಾಗೂ ನಡುವೆ ಸಿಗ್ನಲ್ ಸಾಗುವ ದಾರಿಯ ಸ್ಥಿತಿ, ಸುಮಾರು 3 ಮಿಲಿಸೆಕೆಂಡಿನಲ್ಲಿ ಬದಲಾಗಿಬಿಡುತ್ತದೆ. ಆದ್ದರಿಂದ ಎಲ್ಲವನ್ನೂ ತೂಗುವ ಮಾತೇ ಇಲ್ಲ. ಇಷ್ಟಾದರೂ ನಾನು ನಿಮ್ಮ ಮಾರ್ಗದರ್ಶಕರ ಪಕ್ಷ. ಅಂದಾಜಿನ ಒಳ್ಳೆಯ ವಿಧಾನಗಳಿವೆ, ನಡುವಿನ ಕಂಪ್ಯೂಟರಿಗೆ ಎಲ್ಲವೂ ಕಾಣುತ್ತದೆ. ಎಲ್ಲ ಕಾಣುವವನೇ ಆರಿಸಲಿ.

ಹಳೇ ಟ್ರಂಕ್ ಕಾಲ್:
ಎಲ್ಲ ಕಾಣುವವನು! 2018ರ ಆಗಸ್ಟ್‌ನಲ್ಲಿ ನಾನು ಮಡಿಕೇರಿಯಲ್ಲೇ ಇದ್ದೆ, ನಿವೃತ್ತನಾಗಿ ಹೆಚ್ಚು ದಿನ ಆಗಿರಲಿಲ್ಲ. ಜೋಡುಪಾಲ, ಮಕ್ಕಂದೂರುಗಳ ಕಡೆ ಗುಡ್ಡ ಜಾರಿದಾಗ ರಸ್ತೆಯೊಂದೇ ಹೋಗಲಿಲ್ಲ. ನಮ್ಮಲ್ಲಿ ಕೇಬಲ್ ಹೋಗುವುದು ರಸ್ತೆಯ ಬದಿಯಲ್ಲೇ. ರಸ್ತೆ ಕೆಳಗಿಳಿದರೆ ಕೇಬಲ್ಲೂ ಇಳಿಯುತ್ತದೆ. ಟವರ್ ನಿಂತೇ ಇತ್ತು, ದೀಪವೂ ಉರಿಯುತ್ತಿತ್ತು, ಆದರೆ ಅದರ ಬುದ್ಧಿ ಇದ್ದದ್ದು ಬೆಟ್ಟದ ಆಚೆ. ಸೋಮವಾರಪೇಟೆಯವರೇ, ನಿಮ್ಮ ಕೇಂದ್ರಕ್ಕೆ ಎಲ್ಲವೂ ಕಾಣುವುದು ತಂತಿ ಗಟ್ಟಿಯಾಗಿ ಇರುವವರೆಗೆ.

ಕೇಬಲ್ ಕಡಿಯದ ದಿನಗಳ ಲೆಕ್ಕವನ್ನೂ ಹೇಳುತ್ತೇನೆ. ಎಲ್‌ಟಿಇಯ 20 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದು ಆಂಟೆನಾ ಸೆಕೆಂಡಿಗೆ ಸಿಗ್ನಲ್ಲಿನ 3.072 ಕೋಟಿ ಮಾದರಿಗಳನ್ನು (ಸ್ಯಾಂಪಲ್) ಕಳಿಸುತ್ತದೆ. ಪ್ರತಿ ಮಾದರಿಗೆ ಎರಡು ಭಾಗ, ಭಾಗಕ್ಕೆ 15 ಬಿಟ್. ಅಂದರೆ ಸೆಕೆಂಡಿಗೆ 921.6 ಮೆಗಾಬಿಟ್. ಇದು ಒಂದೇ ಆಂಟೆನಾದ ಬಾಬತ್ತು. 64ಕ್ಕೆ 59 ಗಿಗಾಬಿಟ್ ಹತ್ತಿರ ಬರುತ್ತದೆ. ನಾಲ್ಕು ಜನ ಫೋನಿನಲ್ಲಿ ಮಾತಾಡಲು ಇಷ್ಟನ್ನು ಬೆಟ್ಟ ಇಳಿಸುತ್ತೀರಾ?

ಬೆಂಗಳೂರಿನಲ್ಲಿ ಸೋಮವಾರಪೇಟೆ:
ಸರ್, ಗುಡ್ಡ ಜಾರುವುದನ್ನು ಯಾವ ಅಲ್ಗಾರಿದಮ್ಮೂ ತಡೆಯಲಾರದು. ಕೇಬಲ್ಲೇ ಇಲ್ಲದಿದ್ದರೆ ಆಂಟೆನಾ ಎಷ್ಟು ಚೆನ್ನಾಗಿ ಆರಿಸಿದರೂ ಕರೆ ಹೋಗುವುದು ಎಲ್ಲಿಗೆ? ಆದರೆ 59 ಗಿಗಾಬಿಟ್‌ನ ಮಾತು ಒಪ್ಪಿದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ನೂರು ಆಂಟೆನಾಗಳ ಪರೀಕ್ಷಾ ವ್ಯವಸ್ಥೆ ಕಟ್ಟಿದರು. ಆಂಟೆನಾಗಳನ್ನು ಮಣಿಸರದಂತೆ ಒಂದರ ಪಕ್ಕ ಒಂದು ಜೋಡಿಸಿ, ಲೆಕ್ಕವನ್ನೂ ಸರದ ಉದ್ದಕ್ಕೂ ಹಂಚುವ ವಿಧಾನಗಳ ಬಗ್ಗೆ ಅಲ್ಲಿಯವರೇ ಬರೆದಿದ್ದಾರೆ. ಅವರಿಗೂ ತಂತಿಯ ಚಿಂತೆಯೇ ಇತ್ತು.

ಕರಿಮೆಣಸು:
ನಾನು ಕಕ್ಕಬ್ಬೆಯ ಬೆಳೆಗಾರ, ಇಂಜಿನಿಯರ್ ಅಲ್ಲ. ಆದರೂ ಒಂದು ಸಾಕ್ಷ್ಯ ಹೇಳಬಲ್ಲೆ. ಪ್ರತಿ ವರ್ಷ ಮರಗಸಿ ಮಾಡಿ ಸಿಲ್ವರ್ ಓಕ್ ರೆಂಬೆಗಳನ್ನು ಇಳಿಸಿದ ವಾರವೇ ನಮ್ಮ ಮನೆಯ ಫೋನಿನಲ್ಲಿ ಒಂದು ಕಡ್ಡಿ ಹೆಚ್ಚಾಗುತ್ತದೆ. ಮಳೆಗಾಲದಲ್ಲಿ ಎಲೆ ನೆನೆದು ಗಾಳಿಗೆ ತೂಗಾಡಿದರೆ ಕಡ್ಡಿಗಳೂ ಏರುತ್ತವೆ, ಇಳಿಯುತ್ತವೆ.

ನನ್ನ ಸಂಶಯ ಇದು. ಕೊಯ್ಲಿನಲ್ಲಿ ಯಾವ ಗಿಡ ಹಣ್ಣಾಗಿದೆ ಎಂದು ನಾನು ಜಗಲಿಯಲ್ಲಿ ಕುಳಿತು ಹೇಳುವುದಿಲ್ಲ, ಸಾಲಿನಲ್ಲಿರುವ ಆಳೇ ನೋಡಿಕೊಳ್ಳುತ್ತಾಳೆ. ಹಾಗೆಯೇ ಪ್ರತಿ ಆಂಟೆನಾ ತನಗೆ ಸಿಗ್ನಲ್ ಜೋರಾಗಿದೆಯೇ ಎಂದು ತಾನೇ ನೋಡಿಕೊಂಡು ಕೈ ಎತ್ತಿದರೆ ಮುಗಿಯಿತಲ್ಲ? ಇದಕ್ಕೆ ಪ್ರಬಂಧ ಬರೆಯುವಷ್ಟು ಏನಿದೆ?

ಲೆಕ್ಕದ ಮೇಷ್ಟ್ರು:
ಕರಿಮೆಣಸಿನವರ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿದೆ. ಕಾಫಿ ಗಿಡದ ಹೋಲಿಕೆ ಮುರಿಯುವುದೂ ಇಲ್ಲಿಯೇ. ಒಂದು ಗಿಡದ ಹಣ್ಣು ಕೊಯ್ದರೆ ಪಕ್ಕದ ಗಿಡದ ಹಣ್ಣಿನ ಬೆಲೆ ಇಳಿಯುವುದಿಲ್ಲ. ಆಂಟೆನಾಗಳಲ್ಲಿ ಇಳಿಯುತ್ತದೆ. ಕುಶಾಲನಗರದಲ್ಲಿ ಇಂದು ಶಾಲೆಗೆ ಮಳೆ ರಜೆ, ಪುರುಸೊತ್ತಾಗಿ ಒಂದು ಚಿಕ್ಕ ಲೆಕ್ಕ ಬರೆಯುತ್ತೇನೆ.

ಮೂರು ಆಂಟೆನಾ, ಇಬ್ಬರು ಬಳಕೆದಾರರು. ಫೋನಿನಿಂದ ಟವರಿಗೆ ಬರುವ ದಿಕ್ಕು. ಪ್ರತಿ ಆಂಟೆನಾಗೆ ಇಬ್ಬರ ಸಿಗ್ನಲ್ ಹೇಗೆ ಕೇಳಿಸುತ್ತದೆ ಎಂಬುದಕ್ಕೆ ಎರಡು ಅಂಕಿ. ಅ ಎಂಬ ಆಂಟೆನಾಗೆ 3 ಮತ್ತು 3. ಬ ಎಂಬುದಕ್ಕೆ 3 ಮತ್ತು 2.9. ಕ ಎಂಬುದಕ್ಕೆ 1 ಮತ್ತು ಮೈನಸ್ 1. ಗದ್ದಲದ ಪ್ರಮಾಣ 1 ಎಂದಿರಲಿ. ಇವುಗಳಲ್ಲಿ ಎರಡನ್ನು ಆರಿಸಬೇಕು.

ಜೋರು ಎಷ್ಟೆಂದು ನೋಡಲು ವರ್ಗಗಳನ್ನು ಕೂಡಿ. ಅ 18, ಬ 17.41, ಕ ಬರೀ 2. ಜೋರಾಗಿ ಕೇಳಿದವರು ಕೈ ಎತ್ತಿ ಎಂದರೆ ಅ ಮತ್ತು ಬ ಎತ್ತುತ್ತವೆ, ಕ ತಲೆ ತಗ್ಗಿಸಿ ಕೂರುತ್ತದೆ. ಈಗ ಸಾಮರ್ಥ್ಯದ, ಅಂದರೆ ಎಷ್ಟು ಮಾಹಿತಿ ಸಾಗಿಸಬಹುದೆಂಬ, ಲೆಕ್ಕ ಹಾಕಿ. ಅ ಒಂದೇ ಇದ್ದರೆ 18ಕ್ಕೆ 1 ಕೂಡಿ 19ರ ಲಾಗ್, ಎರಡರ ಆಧಾರದಲ್ಲಿ, 4.25 ಬಿಟ್. ಅದಕ್ಕೆ ಬ ಸೇರಿಸಿದರೆ (ಎರಡು ಸೇರಿದಾಗ ಡಿಟರ್ಮಿನೆಂಟ್ ಲೆಕ್ಕ, ಫಲ ಮಾತ್ರ ಕೊಡುತ್ತೇನೆ) 36.5ರ ಲಾಗ್, 5.19. ಬ ಬದಲಿಗೆ ಕ ಸೇರಿಸಿದರೆ 57ರ ಲಾಗ್, 5.83. ಎಂಟು ಪಟ್ಟಿಗೂ ಮಿಕ್ಕಿ ಜೋರಾದ ಬ ಕೊಟ್ಟದ್ದು 0.94 ಬಿಟ್. ಸಣ್ಣ ದನಿಯ ಕ ಕೊಟ್ಟದ್ದು 1.58. ಯಾಕೆಂದರೆ ಅ ಮತ್ತು ಬ ಎರಡೂ ಒಂದೇ ಮಾತನ್ನು ಹೇಳುತ್ತವೆ. ಇಬ್ಬರು ಬಳಕೆದಾರರನ್ನು ಬೇರೆ ಮಾಡಿ ತೋರಿಸುವುದು ಕ.

ಆಂಟೆನಾ ತನ್ನಷ್ಟಕ್ಕೆ ತಾನು ಆರಿಸಿಕೊಂಡರೆ ಅದು ವಿಕೇಂದ್ರೀಕರಣವಲ್ಲ, ಕಿವುಡರ ಸಭೆ. ನಿಜವಾದ ಪ್ರಶ್ನೆ: ಸರಿಯಾಗಿ ಆರಿಸಲು ಪಕ್ಕದವನಿಗೆ ಎಷ್ಟು ಹೇಳಬೇಕು, ಎಷ್ಟು ಹೇಳಿದರೆ ಸಾಕು?

ಕರಿಮೆಣಸು:
ಮೇಷ್ಟ್ರೇ, ಕಿವುಡರ ಸಭೆ ಎಂದರೇನೆಂದು ನಮ್ಮ ಬೆಳೆಗಾರರ ಸಭೆಗೆ ಬಂದು ಹೇಳಿ. ಅದಿರಲಿ, ಹಾಗಾದರೆ ಎಷ್ಟು ಹೇಳಿದರೆ ಸಾಕು?

ಲೆಕ್ಕದ ಮೇಷ್ಟ್ರು:
ಅಚ್ಚರಿಯಾಗುವಷ್ಟು ಕಡಿಮೆ. ಅ ಆಯ್ಕೆಯಾದ ಮೇಲೆ ಮುಂದಿನವರಿಗೆ ದಾಟಿಸಬೇಕಾದದ್ದು ಎರಡು ಸಾಲು, ಎರಡು ಕಂಬಸಾಲಿನ ಒಂದು ಮ್ಯಾಟ್ರಿಕ್ಸ್ ಮಾತ್ರ. ಅ ಅಂಕಿಗಳನ್ನು ಪರಸ್ಪರ ಗುಣಿಸಿ, ಕರ್ಣದ ಎರಡು ಮನೆಗಳಿಗೆ ಗದ್ದಲದ 1 ಕೂಡಿದರೆ ಇಲ್ಲಿ 10, 9 ಮೇಲಿನ ಸಾಲು. 9, 10 ಕೆಳಗಿನದು. ಇದು ಕ ಕೈಗೆ ಬಂತು ಎನ್ನಿ. ಕ ಅದರ ವಿಲೋಮವನ್ನು (ಇನ್ವರ್ಸ್) ತನ್ನ ಎರಡು ಅಂಕಿಗಳ ನಡುವೆ ಇಟ್ಟು ಗುಣಿಸುತ್ತದೆ, 38ನ್ನು 19ರಿಂದ ಭಾಗಿಸಿ 2 ಬರುತ್ತದೆ. ಅದಕ್ಕೆ ಒಂದು ಕೂಡಿಸಿದರೆ 3. ಮೂರರ ಲಾಗ್ 1.58. ತಾನು ಸೇರಿದರೆ ಎಷ್ಟು ಲಾಭ ಎಂಬುದು ಕ ತನ್ನ ಜಾಗದಲ್ಲೇ ಕುಳಿತು ಕಂಡುಕೊಂಡಿತು. ಅ ಎಲ್ಲಿದೆ, ಅದರ ಚಾನೆಲ್ ಎಂಥದ್ದು, ಯಾವುದೂ ಅದಕ್ಕೆ ಬೇಕಾಗಲಿಲ್ಲ.

ಮ್ಯಾಟ್ರಿಕ್ಸ್‌ನ ಗಾತ್ರ ಬಳಕೆದಾರರ ಸಂಖ್ಯೆಗೆ ಕಟ್ಟುಬಿದ್ದದ್ದು, ಆಂಟೆನಾಗಳ ಸಂಖ್ಯೆಗಲ್ಲ. ಎಂಟು ಬಳಕೆದಾರರಿದ್ದರೆ 64 ಅಂಕಿ. ಆಂಟೆನಾ ಸಾವಿರವಾದರೂ ಅಷ್ಟೇ. 64 ಆಂಟೆನಾಗಳ ಚಾನೆಲ್‌ಗಳನ್ನೆಲ್ಲ ಕೇಂದ್ರಕ್ಕೆ ಹೊತ್ತರೆ ಅದು 1024 ಅಂಕಿಗಳ ಹೊರೆ: 64 ಆಂಟೆನಾ, ಎಂಟು ಬಳಕೆದಾರರು, ನಿಜವಾದ ಚಾನೆಲ್ಲಿಗೆ ಎರಡೆರಡು ಭಾಗ (ಮ್ಯಾಟ್ರಿಕ್ಸ್‌ನ ಎರಡು ಅರ್ಧಗಳು ಕನ್ನಡಿಯಂತಿರುವುದರಿಂದ ಅಲ್ಲಿ 64ರಲ್ಲೇ ಮುಗಿಯುತ್ತದೆ). ಪ್ರತಿ ಸುತ್ತಿನಲ್ಲಿ ಹೆಚ್ಚು ಲಾಭ ಕೊಡುವ ಆಂಟೆನಾವನ್ನೇ ಸೇರಿಸುತ್ತಾ ಹೋದರೆ, ಅತ್ಯುತ್ತಮ ಗುಂಪಿನ ಸಾಮರ್ಥ್ಯದ ಶೇಕಡಾ 63ಕ್ಕಿಂತ ಕೆಳಗೆ ಎಂದೂ ಇಳಿಯುವುದಿಲ್ಲ. ನೆಮ್ಹೌಸರ್, ವೋಲ್ಸಿ, ಫಿಶರ್ 1978ರಲ್ಲಿ ಸಾಧಿಸಿದ ಪ್ರಮೇಯ ಇದು. ಅವರು ಆಂಟೆನಾ ಎಂಬ ಶಬ್ದವನ್ನೇ ಎತ್ತಿರಲಿಲ್ಲ. ಸೇರಿಸಿದಂತೆಲ್ಲ ಲಾಭ ಕುಗ್ಗುತ್ತಾ, ಆದರೆ ಎಂದೂ ನಷ್ಟಕ್ಕಿಳಿಯದೆ ಹೋಗುವ ಯಾವ ಲೆಕ್ಕಕ್ಕಾದರೂ ಅದು ಹೊಂದುತ್ತದೆ.

ಬೆಂಗಳೂರಿನಲ್ಲಿ ಸೋಮವಾರಪೇಟೆ:
ಮೇಷ್ಟ್ರೇ, ಲೆಕ್ಕ ಚೆಂದವಿದೆ. ಆದರೆ ಎರಡು ಕಡೆ ಕೈಬಿಟ್ಟಿದ್ದೀರಿ.

ಒಂದು, ಚಾನೆಲ್ ಇಡೀ ತರಂಗಪಟ್ಟಿಗೆ ಒಂದೇ ಥರ ಇರುವುದಿಲ್ಲ. 20 ಮೆಗಾಹರ್ಟ್ಸ್‌ನಲ್ಲಿ ನೂರು ತುಂಡುಗಳಿವೆ, ತುಂಡಿಗೊಂದು ಮ್ಯಾಟ್ರಿಕ್ಸ್. ಸ್ವಿಚ್ ಮಾತ್ರ ಎಲ್ಲಕ್ಕೂ ಸೇರಿ ಒಂದೇ. ನಿಮ್ಮ 64 ಅಂಕಿ 6400 ಆಯಿತು. ಕೇಂದ್ರದ ಹೊರೆಯೂ ನೂರು ಪಟ್ಟಾಯಿತು ಎನ್ನುತ್ತೀರಿ, ಸರಿ, ಅನುಪಾತ ಉಳಿಯಿತು. ಎರಡನೆಯದೇ ದೊಡ್ಡದು. ಪ್ರತಿ ಸುತ್ತಿನಲ್ಲೂ ಹೆಚ್ಚು ಲಾಭ ಯಾರದ್ದು ಎಂದು ತಿಳಿಯಲು ಸರದ ತುದಿಯಿಂದ ತುದಿಗೆ ಸುದ್ದಿ ಹೋಗಿ ಬರಬೇಕು. ಹದಿನಾರು ಆಯ್ಕೆಗೆ ಹದಿನಾರು ಸುತ್ತು. ಮೂರು ಮಿಲಿಸೆಕೆಂಡಿನಲ್ಲಿ ನಿಮ್ಮ ಪಂಚಾಯಿತಿ ಮುಗಿಯುತ್ತದೆಯೇ?

ಹಳೇ ಟ್ರಂಕ್ ಕಾಲ್:
ಇದಕ್ಕೆ ಒಂದು ಹಳೆಯ ಜಾಣತನವಿದೆ. ಆಂಟೆನಾ ಬದಲು ರಿಲೇ ನಿಲ್ದಾಣಗಳಿಗೆಂದು 2006ರಲ್ಲಿ ಬ್ಲೆಟ್ಸಾಸ್ ಮತ್ತು ಸಂಗಡಿಗರು ಬರೆದದ್ದು. ಯಾರೂ ಯಾರನ್ನೂ ಕೇಳುವುದು ಬೇಡ. ಪ್ರತಿಯೊಬ್ಬರೂ ಒಂದು ಟೈಮರ್ ಇಟ್ಟುಕೊಳ್ಳಲಿ, ಲಾಭ ಹೆಚ್ಚಿದ್ದಷ್ಟೂ ಅವಧಿ ಕಡಿಮೆ. ಯಾರ ಟೈಮರ್ ಮೊದಲು ಮುಗಿಯುತ್ತದೆಯೋ ಅವರು "ನಾನು" ಎನ್ನುತ್ತಾರೆ, ಉಳಿದವರು ಸುಮ್ಮನಾಗುತ್ತಾರೆ. ಇಬ್ಬರ ಟೈಮರ್ ಕೂದಲೆಳೆಯ ಅಂತರದಲ್ಲಿ ಮುಗಿದರೆ ಇಬ್ಬರೂ ಒಟ್ಟಿಗೆ ಕೂಗಿಬಿಡುತ್ತಾರೆ, ಅದೊಂದು ತೊಡಕು. ಟೈಮರನ್ನು ಹೇಗೆ ಹೊಂದಿಸಿದರೆ ಆ ಡಿಕ್ಕಿ ಕಡಿಮೆಯಾಗುತ್ತದೆ ಎಂಬುದರ ಮೇಲೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೀಲೇಶ್ ಮೆಹ್ತಾ ಅವರ ತಂಡ ಕೆಲಸ ಮಾಡಿದೆ. ಆಂಟೆನಾ ಆಯ್ಕೆಯ ಮೇಲೂ ಅವರ ಬರಹಗಳಿವೆ. ಮೂರನೇ ಸರಳು, ಹುಡುಕಿ ಓದಿಕೊಳ್ಳಿ.

ಟವರ್ ಹತ್ತುವವ:
ನೀವೆಲ್ಲ ಆಂಟೆನಾಗೆ ತನ್ನ ಚಾನೆಲ್ ಗೊತ್ತಿದೆ ಎಂದುಕೊಂಡೇ ಮಾತಾಡುತ್ತಿದ್ದೀರಿ. ಗೊತ್ತಾಗುವುದು ಹೇಗೆ? ಚೈನ್ ಜೋಡಿಸಿ ಅಳೆದರೆ ತಾನೇ? ಚೈನ್ ಹದಿನಾರು, ಆಂಟೆನಾ 64. ಒಂದು ಸಲಕ್ಕೆ ಹದಿನಾರನ್ನು ಅಳೆದು, ಸ್ವಿಚ್ ತಿರುಗಿಸಿ ಮುಂದಿನ ಹದಿನಾರು, ಹೀಗೆ ನಾಲ್ಕು ಸಲ. ನಾಲ್ಕನೆಯ ಗುಂಪನ್ನು ಅಳೆಯುವಷ್ಟರಲ್ಲಿ ಮೊದಲನೆಯ ಗುಂಪಿನ ಅಳತೆ ಹಳಸಿರುತ್ತದೆ, ಅದರಲ್ಲೂ ಕರಿಮೆಣಸಿನವರ ಮರ ಗಾಳಿಗೆ ಕುಣಿಯುತ್ತಿದ್ದರೆ.

ಸ್ವಿಚ್ಚಿನ ಬಗ್ಗೆಯೂ ಒಂದು ಮಾತು. ಯಾವ ಆಂಟೆನಾವನ್ನು ಯಾವ ಚೈನಿಗಾದರೂ ಜೋಡಿಸಬಲ್ಲ ಸ್ವಿಚ್ಚೆಂದರೆ ಹಂತದ ಮೇಲೆ ಹಂತ, ಹಂತಹಂತಕ್ಕೂ ಸಿಗ್ನಲ್ ಸೋರುತ್ತದೆ. ಆರಿಸಿ ಗಳಿಸಿದ್ದನ್ನು ಸ್ವಿಚ್ಚಿಗೆ ತೆರಿಗೆ ಕಟ್ಟಿದಂತೆ. ಒಂದು ಚೈನಿಗೆ ತನ್ನ ಪಕ್ಕದ ನಾಲ್ಕೇ ಆಂಟೆನಾ ಎಂದು ಕಟ್ಟಿಹಾಕಿದರೆ ಸ್ವಿಚ್ ಸರಳ, ನಷ್ಟ ಕಡಿಮೆ.

ಮೂರನೇ ಸರಳು:
ಅಣ್ಣ, ನಿಮ್ಮ ಕೊನೆಯ ಸಾಲು ನನ್ನ ಎರಡು ತಿಂಗಳನ್ನು ಉಳಿಸಿತು. ಚೈನಿಗೆ ನಾಲ್ಕೇ ಆಂಟೆನಾ ಎಂದಾದರೆ ಒಟ್ಟು ಬಗೆಗಳು ಇನ್ನೂ ನಾಲ್ಕರ ಹದಿನಾರನೆಯ ಘಾತ, 429 ಕೋಟಿಗೂ ಹೆಚ್ಚು. ಆದರೆ ಒಂದೊಂದು ಚೈನಿನ ಮುಂದಿರುವುದು ನಾಲ್ಕೇ ದಾರಿ. ಅಜ್ಜಿಯ ಕಿಟಕಿಗೂ ನಾಲ್ಕೇ ಸರಳು! ಇಂದು ಅಳತೆ ಪಟ್ಟಿ ಹಿಡಿದು ನೋಡಿದೆ, ಸರಳುಗಳ ನಡುವೆ ಸುಮಾರು ಮೂರೂವರೆ ಅಂಗುಲ. 1800 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗಾಂತರ 8.3 ಸೆಂಟಿಮೀಟರ್, ಅಂದರೆ ಮೂರೂಕಾಲು ಅಂಗುಲ. ಎರಡನೆಯ ಸರಳು ಸತ್ತು ಮೂರನೆಯದು ಬದುಕಿರುವುದರಲ್ಲಿ ಮಾಯಮಂತ್ರವೇನೂ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುವ ನಾಲ್ಕು ಜಾಗಗಳಲ್ಲಿ ಆಯಾ ಹೊತ್ತಿಗೆ ಉತ್ತಮವಾದುದನ್ನು ಆರಿಸಿದರೆ ಸರಾಸರಿ 2.08 ಪಟ್ಟು ಲಾಭ: ಒಂದು, ಅದಕ್ಕೆ ಅರ್ಧ, ಮೂರನೇ ಒಂದು, ಕಾಲು ಕೂಡಿ. ಅಜ್ಜಿಗೆ ಹೇಳಿದೆ. "ಎರಡು ಪಟ್ಟು ಕೇಳಿಸಿದರೂ ನಿನ್ನ ಚಿಕ್ಕಪ್ಪ ಹೇಳುವುದು ಅದನ್ನೇ" ಎಂದರು.

ಬೆಂಗಳೂರಿನಲ್ಲಿ ಸೋಮವಾರಪೇಟೆ:
ಅಜ್ಜಿ ಮೇಷ್ಟ್ರ ಅ ಮತ್ತು ಬ ಆಂಟೆನಾಗಳ ಕಥೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದರು. ಸುತ್ತುಗಳ ನನ್ನ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ಮೂರನೇ ಸರಳು:
ಬರೆಯುತ್ತಿದ್ದೇನೆ, ಅಣ್ಣ. ನಿನ್ನೆ ಸಂಜೆಯಿಂದ ಕರೆಂಟಿಲ್ಲ, ಲ್ಯಾಪ್‌ಟಾಪ್ ಸತ್ತಿದೆ. ಲ್ಯಾಂಪಿನ ಬೆಳಕಿನಲ್ಲಿ ಮೇಷ್ಟ್ರ ಮೂರು ಆಂಟೆನಾಗಳನ್ನೇ ಕಾಗದದ ಮೇಲೆ ಇಟ್ಟುಕೊಂಡು ಕುಳಿತೆ.

ಹೆಚ್ಚು ಲಾಭ ಯಾರದ್ದು ಎಂದು ಕೇಳುವುದನ್ನೇ ಬಿಟ್ಟರೆ? ಮ್ಯಾಟ್ರಿಕ್ಸ್ ಸರದಲ್ಲಿ ಒಂದೇ ಸಲ ಸಾಗಲಿ. ತನ್ನ ಲಾಭ 1 ಬಿಟ್ ದಾಟಿದರೆ ಆಂಟೆನಾ ತನ್ನನ್ನು ಸೇರಿಸಿಕೊಂಡು ಮುಂದೆ ದಾಟಿಸಲಿ, ಇಲ್ಲದಿದ್ದರೆ ಬಂದದ್ದನ್ನು ಹಾಗೆಯೇ ದಾಟಿಸಲಿ. ಭಯ ಇದ್ದದ್ದು ಸಾಲಿನ ಕ್ರಮದ ಬಗ್ಗೆ, ಮೊದಲು ಬಂದವರೇ ಜಾಗ ಹಿಡಿದುಬಿಡುತ್ತಾರಲ್ಲ ಎಂದು. ಆದ್ದರಿಂದ ಆರೂ ಕ್ರಮಗಳನ್ನು ಬಿಡಿಸಿದೆ. ಅ ಮೊದಲು ಬಂದರೆ ಬ ಲಾಭ 0.94, ಹೊರಗೆ. ಬ ಮೊದಲು ಬಂದರೆ ಅ ಲಾಭ 0.99, ಕೂದಲೆಳೆಯಲ್ಲಿ ಹೊರಗೆ. ಕ ಎಲ್ಲಿ ಬಂದರೂ ಲಾಭ 1.58ರ ಆಸುಪಾಸು, ಯಾವಾಗಲೂ ಒಳಗೆ. ಮೂರು ಕ್ರಮಗಳಲ್ಲಿ ಅ ಮತ್ತು ಕ ಸಿಕ್ಕವು, 5.83 ಬಿಟ್. ಉಳಿದ ಮೂರರಲ್ಲಿ ಬ ಮತ್ತು ಕ, 5.79. ಎರಡೂ ಜೋರಿನ ಆಯ್ಕೆಯ 5.19ಕ್ಕಿಂತ ಎಷ್ಟೋ ಮೇಲು. ಒಂದೇ ಸುತ್ತು!

ಲೆಕ್ಕದ ಮೇಷ್ಟ್ರು:
ಭೇಷ್! ಕಾಗದವನ್ನು ಎಸೆಯಬೇಡಿ. ಆದರೆ ಆ 1 ಬಿಟ್ ಎಂಬ ಹೊಸ್ತಿಲನ್ನು ಇಟ್ಟವರು ಯಾರು? ಉತ್ತರ ಗೊತ್ತಿದ್ದ ನೀವು. 0.95 ಎಂದು ಇಟ್ಟಿದ್ದರೆ ಬ, ಅ, ಕ ಎಂಬ ಸಾಲಿನಲ್ಲಿ ಅ ಒಳನುಗ್ಗಿ, ಇದ್ದ ಎರಡು ಜಾಗವೂ ತುಂಬಿ, ಕ ಬಾಗಿಲ ಹೊರಗೆ ಉಳಿಯುತ್ತಿತ್ತು.

ಮೂರನೇ ಸರಳು:
ಹೌದು ಮೇಷ್ಟ್ರೇ, ಅದಕ್ಕೆ ಸಿಕ್ಕಿಬಿದ್ದೆ. ಹಲವು ಹೊಸ್ತಿಲುಗಳನ್ನು ಒಟ್ಟಿಗೇ ಓಡಿಸಿ, ಕೊನೆಯಲ್ಲಿ ಚೆನ್ನಾಗಿ ಬಂದುದನ್ನು ಇಟ್ಟುಕೊಳ್ಳುವ ಒಂದು ವಿಧಾನ 2014ರಲ್ಲಿ ಬಂದಿದೆ. ಜರಡಿ ಹಿಡಿದಂತೆ. ಒಂದೇ ಸುತ್ತಿನಲ್ಲಿ ಅತ್ಯುತ್ತಮದ ಅರ್ಧಕ್ಕಿಂತ ತುಸು ಕಡಿಮೆಯಷ್ಟಾದರೂ ಖಾತರಿ ಸಿಗುತ್ತದೆ. 63ರಿಂದ 50ಕ್ಕೆ ಇಳಿದೆ, ಆದರೆ ಹದಿನಾರು ಸುತ್ತಿನಿಂದ ಒಂದಕ್ಕೂ ಇಳಿದೆ. ಪ್ರತಿ ಹೊಸ್ತಿಲಿಗೂ ಒಂದೊಂದು ಮ್ಯಾಟ್ರಿಕ್ಸ್ ಹೊರಬೇಕು, ಅಷ್ಟೇ ದಂಡ. ಇಲ್ಲವಾದರೆ ನಿಧಾನವಾಗಿ ಬದಲಾಗುವ ಹೊಸ್ತಿಲೊಂದನ್ನೇ ಕೇಂದ್ರ ಆಗಾಗ ಹೇಳಲಿ, ಕ್ಷಣಕ್ಷಣದ ಆಯ್ಕೆ ಸರದಲ್ಲಿ ನಡೆಯಲಿ. ಕೇಬಲ್ ಕಡಿದ ದಿನ ಹಳೆಯ ಹೊಸ್ತಿಲಿನಲ್ಲೇ ನಡೆದೀತು.

ಬೆಂಗಳೂರಿನಲ್ಲಿ ಸೋಮವಾರಪೇಟೆ:
ಇದನ್ನು ನಾನು ಒಪ್ಪಬಲ್ಲೆ. ಸಾಲಿನ ಆರಂಭವನ್ನು ಮಾತ್ರ ಪ್ರತಿ ಸಲ ಬದಲಿಸಿ. ಇಲ್ಲದಿದ್ದರೆ ತುದಿಯ ಆಂಟೆನಾಗಳೇ ಸದಾ ಬಿಸಿಯಾಗಿ ಬೇಗ ಕೆಡುತ್ತವೆ, ಮತ್ತೆ ಹತ್ತಬೇಕಾದವರು ನಮ್ಮ ಟವರಣ್ಣ.

ಟವರ್ ಹತ್ತುವವ:
ಬದಲಿಸಿ, ದಯವಿಟ್ಟು. ಮತ್ತೆ ನಿಮ್ಮ ಲೆಕ್ಕದಲ್ಲಿ ಡೀಸೆಲ್ಲನ್ನೂ ಎಲ್ಲಾದರೂ ಸೇರಿಸಿ. ಹೊಸ್ತಿಲನ್ನು ಬ್ಯಾಟರಿಯ ಮಟ್ಟಕ್ಕೆ ಕಟ್ಟಿದರೆ? ಬ್ಯಾಟರಿ ಇಳಿದಷ್ಟೂ ಹೊಸ್ತಿಲು ಏರಲಿ, ಒಳಬರುವವರು ತಾವಾಗಿಯೇ ಕಡಿಮೆಯಾಗುತ್ತಾರೆ.

ಮೂರನೇ ಸರಳು:
ಅಣ್ಣ, ಇದನ್ನು ಪ್ರಬಂಧದಲ್ಲಿ ಹಾಕಿಕೊಳ್ಳಲೇ? ನಿಮ್ಮ ಹೆಸರು ಬರೆಯಲು ಅಪ್ಪಣೆ ಬೇಕು. ಇದನ್ನು ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತು ಬರೆಯುತ್ತಿದ್ದೇನೆ, ಮೂರನೆಯ ಸರಳಿನಲ್ಲಿ ಅಜ್ಜಿಯ ಫೋನಿದೆ. ಉತ್ತರ ಓದುವುದು ನಾಳೆ.